ನಂಬಿದ ಸಂಗೀತ ತಂತ್ರಾಂಶ ಕಂಪನಿ ಮಾರಾಟವಾಯಿತು: ಹಳೆಯ ಗ್ರಾಹಕರ ಗತಿ ಏನು?

ಬಿದಿರಕೊಳಲು:
ಎಲ್ಲರಿಗೂ ನಮಸ್ಕಾರ. ತಂಬೂರಿ, ಸ್ವರಮಂಡಲ, ವೀಣೆಯ ದನಿಗಳಿಗಾಗಿ ನಾನು ಬಹಳ ವರ್ಷಗಳಿಂದ ಬಳಸುತ್ತಿರುವ ಪ್ಲಗಿನ್ (ಧ್ವನಿಮುದ್ರಣ ತಂತ್ರಾಂಶದೊಳಗೆ ಸೇರಿ ವಾದ್ಯದ ದನಿ ಕೊಡುವ ಪುಟ್ಟ ತಂತ್ರಾಂಶ) ಒಂದಿದೆ. ಅದನ್ನು ತಯಾರಿಸುತ್ತಿದ್ದ ಪುಟ್ಟ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ. ಹೆಸರು ಇಲ್ಲಿ ಬೇಡ. ಅವರೊಂದಿಗೆ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.

ಬಂದ ಇಮೇಲ್‌ನ ಮುಕ್ಕಾಲು ಭಾಗ ಬರೀ ಸಂಭ್ರಮ. ವಿಷಯವಿದ್ದದ್ದು ಕೊನೆಯ ಪ್ಯಾರಾದಲ್ಲಿ. ಹಳೆಯ ಆವೃತ್ತಿಯ ಮಾರಾಟ ನಿಂತಿದೆ, ನಾವೆಲ್ಲ ಹೊಸ ಮಾಲೀಕರ ಜಾಲತಾಣದಲ್ಲಿ ಖಾತೆ ತೆರೆಯಬೇಕು, ಮುಂದಿನ ಆವೃತ್ತಿ ಮಾಸಿಕ ಚಂದಾ ಕಟ್ಟುವವರಿಗೆ ಮಾತ್ರ. ಈಗಾಗಲೇ ದುಡ್ಡು ಕೊಟ್ಟು ಕೊಂಡದ್ದನ್ನು ನಾಳೆ ಹೊಸ ಕಂಪ್ಯೂಟರಿನಲ್ಲಿ ಆಕ್ಟಿವೇಟ್ ಮಾಡಲು ಬಿಡುತ್ತೀರಾ ಎಂದು ಕೇಳಿದೆ. "ಸದ್ಯಕ್ಕೆ ಯಾವ ಬದಲಾವಣೆಯೂ ಇಲ್ಲ" ಎಂದು ಒಂದು ಸಾಲಿನ ಉತ್ತರ ಬಂತು. ಇದನ್ನು ನಂಬಿ ಕೂರಲು ನನಗೆ ಧೈರ್ಯವಿಲ್ಲ.

ದಾಸರ ಪದಗಳು, ವಚನಗಳು, ಮಕ್ಕಳ ನಾಟಕಗಳಿಗೆ ಮಾಡಿದ ಹಿನ್ನೆಲೆ ಸಂಗೀತ, ಹೀಗೆ ನನ್ನ ಹಳೆಯ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಈ ಪ್ಲಗಿನ್ನನ್ನೇ ಅವಲಂಬಿಸಿವೆ. ಹಾಡಿದವರು ಇನ್ನೊಂದು ಶ್ರುತಿಯಲ್ಲಿ ಬೇಕೆಂದು ಕೇಳಿದರೆ ಆ ಪ್ರಾಜೆಕ್ಟನ್ನು ಮತ್ತೆ ತೆರೆಯಲೇಬೇಕು. ಇಂಥ ಪರಿಸ್ಥಿತಿಯಲ್ಲಿ ನೀವು ಏನು ಮಾಡಿದಿರಿ? ಗ್ರಾಹಕರು ಸಿಟ್ಟು ತೋರಿಸಿದರೆ ಏನಾದರೂ ಉಪಯೋಗವಾಗುತ್ತದೆಯೇ?

ಚೆಂಡೆಮದ್ದಳೆ:
ಮೊದಲು ಇನ್‌ಸ್ಟಾಲರ್, ಸ್ಯಾಂಪಲ್ ಲೈಬ್ರರಿ (ಮುದ್ರಿಸಿಟ್ಟ ವಾದ್ಯದ ದನಿಗಳು), ಸೀರಿಯಲ್ ಸಂಖ್ಯೆ, ಖರೀದಿಯ ರಸೀದಿ ಎಲ್ಲವನ್ನೂ ಇಳಿಸಿ ಎರಡು ಕಡೆ ಇಡಿ. ಚರ್ಚೆ ಆಮೇಲೆ.

ಅಟಾರಿ ಕಾಲದವನು:
ಈ ನೋವು ಹಳೆಯದು. 2002ರ ಜುಲೈ 1ರಂದು ಆಪಲ್ ಕಂಪನಿ ಜರ್ಮನಿಯ ಇಮ್ಯಾಜಿಕ್ ಅನ್ನು ಕೊಂಡುಕೊಂಡಿತು. ಲಾಜಿಕ್ ಎಂಬ ಸಂಗೀತ ಸಂಯೋಜನೆ, ಧ್ವನಿಮುದ್ರಣದ ತಂತ್ರಾಂಶ ಮಾಡುತ್ತಿದ್ದವರು ಅವರೇ. ಅದಕ್ಕೂ ಹಿಂದೆ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ನೋಟೇಟರ್ ಎಂಬ ಸಂಗೀತ ತಂತ್ರಾಂಶ ಬರೆದ ಮಂದಿಯೂ ಅವರೇ. ಖರೀದಿ ಪ್ರಕಟಿಸಿದ ಹೇಳಿಕೆಯಲ್ಲೇ ಇತ್ತು: ಇಮ್ಯಾಜಿಕ್‌ನ ಆದಾಯದಲ್ಲಿ ಶೇ. 65ಕ್ಕೂ ಹೆಚ್ಚು ಪಾಲು ಆಪಲ್‌ನ ಮ್ಯಾಕ್ ಕಂಪ್ಯೂಟರಿನ ಗ್ರಾಹಕರಿಂದ ಬರುತ್ತದೆ, ವಿಂಡೋಸ್ ಉತ್ಪನ್ನಗಳು ಸೆಪ್ಟೆಂಬರ್ 30ರ ನಂತರ ಇರುವುದಿಲ್ಲ. ಮೂರೇ ತಿಂಗಳ ಗಡುವು. ಉಳಿದ ಮೂರನೇ ಒಂದು ಭಾಗದಷ್ಟು ಆದಾಯ ತಂದುಕೊಟ್ಟ ಜನ ಒಂದು ವಾಕ್ಯದಲ್ಲಿ ಹೊರಗಾದರು.

ನಮ್ಮಲ್ಲಿ ಆಗ ಸ್ಟುಡಿಯೋ ಇಟ್ಟವರು ಬಿಡಿಭಾಗ ತಂದು ಜೋಡಿಸಿದ ವಿಂಡೋಸ್ ಯಂತ್ರದಲ್ಲೇ ಕೆಲಸ ಮಾಡುತ್ತಿದ್ದರು. ಲಾಜಿಕ್ ಮುಂದುವರಿಸಬೇಕೆಂದರೆ ಮ್ಯಾಕ್ ಕೊಳ್ಳಬೇಕು. ಮ್ಯಾಕ್ ಕೊಂಡರೆ ಸೌಂಡ್ ಕಾರ್ಡ್, ಉಳಿದ ಪ್ಲಗಿನ್ ಎಲ್ಲವನ್ನೂ ಮತ್ತೆ ನೋಡಿಕೊಳ್ಳಬೇಕು. ನನಗೆ ಗೊತ್ತಿದ್ದ ಒಬ್ಬರು ವಿಂಡೋಸ್‌ನ ಕೊನೆಯ ಸಾಲಿನ 5.5 ಆವೃತ್ತಿಯನ್ನೇ ಹಿಡಿದುಕೊಂಡು, ಆ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಜೋಡಿಸದೆ, ಏನನ್ನೂ ಹೊಸದಾಗಿ ಹಾಕದೆ ವರ್ಷಗಟ್ಟಲೆ ನಡೆಸಿದರು.

ಪಂಚಮ:
ಅರ್ಧ ಕತೆ ಹೇಳುತ್ತಿದ್ದೀರಿ ಸರ್. ಆ ಖರೀದಿಯಿಂದಲೇ ಲಾಜಿಕ್ ಬಡವರ ಕೈಗೂ ಎಟುಕಿತು. 2004ರ ಲಾಜಿಕ್ ಪ್ರೊ 7ರ ಬೆಲೆ 999 ಡಾಲರ್. 2007ರಲ್ಲಿ ಲಾಜಿಕ್ ಸ್ಟುಡಿಯೋ 499ಕ್ಕೆ ಬಂತು, ತಂತ್ರಾಂಶ ನಡೆಯಲು ಕಂಪ್ಯೂಟರಿಗೆ ಚುಚ್ಚಿಡಬೇಕಿದ್ದ ಕೀಲಿ, ಅಂದರೆ ಡಾಂಗಲ್ ಕೂಡ ಹೋಯಿತು. 2011ರ ಕೊನೆಗೆ 199.99 ಡಾಲರ್. 2013ರಲ್ಲಿ ಲಾಜಿಕ್ ಪ್ರೊ ಎಕ್ಸ್ ಅದೇ ಬೆಲೆಗೆ ಬಂತು. ಅಂದು ಕೊಂಡವರು ಇವತ್ತಿನವರೆಗೂ ಮ್ಯಾಕ್‌ನಲ್ಲಿ ಬಿಡಿಗಾಸು ಕೊಡದೆ ಹೊಸ ಆವೃತ್ತಿ ಪಡೆಯುತ್ತಿದ್ದಾರೆ. ಇಮ್ಯಾಜಿಕ್ ಒಂಟಿಯಾಗಿಯೇ ಉಳಿದಿದ್ದರೆ ಇದು ಸಾಧ್ಯವಿತ್ತೇ?

ಅಟಾರಿ ಕಾಲದವನು:
ಲಾಭವಾದದ್ದು ಮ್ಯಾಕ್‌ನವರಿಗೆ, ನಷ್ಟವಾದದ್ದು ವಿಂಡೋಸ್‌ನವರಿಗೆ. ಒಬ್ಬರ ಲಾಭ ತೋರಿಸಿ ಇನ್ನೊಬ್ಬರ ನಷ್ಟಕ್ಕೆ ಜಮಾ ಹಾಕಬೇಡಿ.

ನಾಟಕುರಂಜಿ:
ಕ್ಯಾಮೆಲ್ ಆಡಿಯೋ ವಿಷಯವನ್ನು ಯಾರೂ ಎತ್ತಲಿಲ್ಲವಲ್ಲ. ಬ್ರಿಟನ್ನಿನ ಆ ಪುಟ್ಟ ಕಂಪನಿ 'ಆಲ್ಕೆಮಿ' ಎಂಬ ಅದ್ಭುತ ಸಿಂಥ್ (ದನಿಗಳನ್ನು ಸೃಷ್ಟಿಸುವ ವಾದ್ಯ ತಂತ್ರಾಂಶ) ಮಾಡಿತ್ತು. 2015ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿತು. ಜಾಲತಾಣದಲ್ಲಿ ಉಳಿದದ್ದು ಒಂದು ಪುಟ: ನೀವು ಕೊಂಡದ್ದನ್ನು ಜುಲೈ ಒಳಗೆ ಇಳಿಸಿಕೊಳ್ಳಿ. ಕೊಂಡವರು ಯಾರೆಂದು ಹೇಳಲಿಲ್ಲ. ಕಂಪನಿ ನೋಂದಣಿಯ ಕಾಗದಪತ್ರಗಳಿಂದ ಆಪಲ್ ಹೆಸರು ಹೊರಬಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಆಲ್ಕೆಮಿ ಲಾಜಿಕ್ ಒಳಗೆ ಪ್ರತ್ಯಕ್ಷವಾಯಿತು. ವಿಂಡೋಸ್‌ನವರಿಗೆ ಮತ್ತೆ ಬಾಗಿಲು ಬಂದ್. ಲಾಜಿಕ್ ಬಿಟ್ಟು ಬೇರೆ ತಂತ್ರಾಂಶ ಬಳಸುವ ಮ್ಯಾಕ್‌ನವರಿಗೂ ಬಂದ್.

ದೊಡ್ಡ ಕಂಪನಿಗೆ ಬೇಕಾಗಿರುವುದು ಆ ಸಣ್ಣ ಕಂಪನಿಯ ಕೋಡು ಮತ್ತು ಎಂಜಿನಿಯರುಗಳು. ಗ್ರಾಹಕರ ಪಟ್ಟಿ ಅವರಿಗೆ ಹೊರೆ. ಬಿದಿರಕೊಳಲು ಅವರೇ, ನಿಮಗೆ ಬಂದ ಒಂದು ಸಾಲಿನ ಉತ್ತರವನ್ನು ಹಾಗೇ ಓದಿಕೊಳ್ಳಿ.

ಕೋಡು ಬರೆಯುವವಳು:
ನಾನು ಇದೇ ಕ್ಷೇತ್ರದಲ್ಲಿ, ಪ್ಲಗಿನ್ ಮಾಡುವ ಸಣ್ಣ ತಂಡದಲ್ಲಿ ಕೆಲಸ ಮಾಡಿದವಳು. ಮಾರಿದವರನ್ನು ದ್ರೋಹಿಗಳೆಂದು ಬೈಯುವ ಮುನ್ನ ಒಳಗಿನ ಲೆಕ್ಕವನ್ನೂ ಕೇಳಿ.

ನೀವು ಒಮ್ಮೆ ಹಣ ಕೊಡುತ್ತೀರಿ, ಕೆಲಸ ಮಾತ್ರ ಪ್ರತಿ ವರ್ಷ ಹೊಸದಾಗಿ ಬರುತ್ತದೆ. 2018ರಲ್ಲಿ ಸ್ಟೈನ್‌ಬರ್ಗ್ ಹೊಸ ತಯಾರಕರಿಗೆ ವಿಎಸ್‌ಟಿ 2ರ (ಪ್ಲಗಿನ್ ಬರೆಯುವ ಹಳೆಯ ಮಾದರಿ) ಪರವಾನಗಿ ಕೊಡುವುದನ್ನು ನಿಲ್ಲಿಸಿತು, ವಿಎಸ್‌ಟಿ 3ಕ್ಕೆ ಬರಲೇಬೇಕಾಯಿತು. 2019ರಲ್ಲಿ ಮ್ಯಾಕ್‌ನ ಹೊಸ ಕಾರ್ಯಾಚರಣಾ ವ್ಯವಸ್ಥೆ ಕ್ಯಾಟಲಿನಾ ಬಂದು ಹಳೆಯ 32 ಬಿಟ್ ಮಾದರಿಯ ತಂತ್ರಾಂಶಗಳನ್ನೆಲ್ಲ ಒಂದೇ ಏಟಿಗೆ ಕೈಬಿಟ್ಟಿತು. 2020ರಲ್ಲಿ ಆಪಲ್ ಚಿಪ್ಪನ್ನೇ ಬದಲಿಸಿತು. ಪ್ರತಿ ಸಲವೂ ಇಡೀ ಕೋಡನ್ನು ಮತ್ತೆ ಕಟ್ಟಿ, ಪ್ಲಗಿನ್ ಕೂರುವ ಪ್ರತಿ ತಂತ್ರಾಂಶದಲ್ಲೂ ಪರೀಕ್ಷಿಸಿ, ಉಚಿತ ಅಪ್‌ಡೇಟ್ ಎಂದು ಕೊಡಬೇಕು. ಕೊಟ್ಟ ದಿನ ಒಂದು ರೂಪಾಯಿಯೂ ಬರುವುದಿಲ್ಲ, ದೂರು ಮಾತ್ರ ಬರುತ್ತದೆ. ಇಬ್ಬರೋ ಮೂವರೋ ಇರುವ ತಂಡದಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಕೆಲಸವೇ ನಿಂತಿತು. ಆಗ ಯಾರಾದರೂ ಬಂದು "ನಿಮ್ಮ ಸಾಲವನ್ನೂ ತೀರಿಸುತ್ತೇವೆ, ಸಂಬಳವನ್ನೂ ಕೊಡುತ್ತೇವೆ" ಎಂದರೆ ಬೇಡ ಎನ್ನಲು ಎಷ್ಟು ಜನರಿಗೆ ಸಾಧ್ಯ?

ನಾಟಕುರಂಜಿ:
ಮಾರಬೇಡಿ ಎಂದು ಯಾರೂ ಹೇಳುತ್ತಿಲ್ಲ ಮೇಡಂ. ಕೊಟ್ಟ ಮಾತನ್ನೂ ಜೊತೆಗೆ ಮಾರಬೇಡಿ ಎನ್ನುತ್ತಿದ್ದೇವೆ. ಕೇಕ್‌ವಾಕ್ ಕಂಪನಿ 2016ರಲ್ಲಿ ತನ್ನ ಧ್ವನಿಮುದ್ರಣ ತಂತ್ರಾಂಶ ಸೋನಾರ್ ಪ್ಲಾಟಿನಮ್‌ಗೆ ಜೀವಮಾನವಿಡೀ ಉಚಿತ ಅಪ್‌ಡೇಟ್ ಎಂದು ಹಣ ಪಡೆಯಿತು. 2017ರ ನವೆಂಬರ್‌ನಲ್ಲಿ ಅದರ ಮಾಲೀಕ, ಗಿಟಾರ್ ಕಂಪನಿ ಗಿಬ್ಸನ್ "ಅಭಿವೃದ್ಧಿ ನಿಲ್ಲಿಸಿದ್ದೇವೆ" ಎಂದು ಪ್ರಕಟಿಸಿತು. ಒಂದೂವರೆ ವರ್ಷವೂ ಬಾಳದ ಜೀವಮಾನ! 1987ರಿಂದ ಜೊತೆಗಿದ್ದ ಗ್ರಾಹಕರಿಗೆ ಹೇಗಾಗಿರಬೇಡ?

ತೀರ್ಥಹಳ್ಳಿ ಮಳೆ:
ಆದರೆ ಗಿಬ್ಸನ್ ದಿವಾಳಿಯಾದ ಮೇಲೆ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಕೊಟ್ಟಿತಲ್ಲ? ನಾನು ಅದರಲ್ಲೇ ಕಲಿತದ್ದು.

ಅಟಾರಿ ಕಾಲದವನು:
ಚಿಕ್ಕ ತಿದ್ದುಪಡಿ. ಸಿಂಗಪುರದ ಬ್ಯಾಂಡ್‌ಲ್ಯಾಬ್ ಕೊಂಡದ್ದು 2018ರ ಫೆಬ್ರವರಿಯಲ್ಲಿ, ಗಿಬ್ಸನ್ ದಿವಾಳಿ ಅರ್ಜಿ ಹಾಕಿದ್ದು ಆ ವರ್ಷದ ಮೇ ತಿಂಗಳಲ್ಲಿ. ಇದೇ ಗಿಬ್ಸನ್ 1998ರಲ್ಲಿ ಆಪ್‌ಕೋಡ್ ಎಂಬ ಕಂಪನಿಯನ್ನು ಕೊಂಡು ಮರುವರ್ಷವೇ ಅಭಿವೃದ್ಧಿ ನಿಲ್ಲಿಸಿತ್ತು. ಮಿಡಿ (ಯಾವ ಸ್ವರ, ಯಾವಾಗ, ಎಷ್ಟು ಬಲದಲ್ಲಿ ಎಂಬ ಸೂಚನೆಗಳು) ಮತ್ತು ಧ್ವನಿಮುದ್ರಣ ಎರಡನ್ನೂ ಒಂದೇ ಪರದೆಯಲ್ಲಿ ತಂದವರಲ್ಲಿ ಆಪ್‌ಕೋಡ್‌ನವರು ಮೊದಲಿಗರು. ಅದು ಗೊತ್ತಿದ್ದವರು 2013ರಲ್ಲಿ ಗಿಬ್ಸನ್ ಕೇಕ್‌ವಾಕ್ ಅನ್ನು ಕೊಂಡಾಗಲೇ ಆತಂಕಪಟ್ಟಿದ್ದರು. ಆದ್ದರಿಂದ ಕೊಳ್ಳುವವರ ಪೂರ್ವಚರಿತ್ರೆಯನ್ನು ನೋಡಿ. ಅವರು ಹಿಂದೆ ಕೊಂಡ ತಂತ್ರಾಂಶಗಳ ಹಳೆಯ ಗ್ರಾಹಕರು ಇವತ್ತು ಏನನ್ನುತ್ತಾರೆ ಎಂದು ವಿಚಾರಿಸಿ.

ಪಂಚಮ:
ಹಾಗಾದರೆ ಸ್ಟೈನ್‌ಬರ್ಗ್ ಅನ್ನೂ ನೋಡಿ. 2003ರಲ್ಲಿ ಪಿನಕಲ್ ಕೈಗೆ ಹೋಯಿತು, 2004ರ ಕೊನೆಗೆ ಯಮಾಹಾ ಕೈಗೆ. ಅವರ ಧ್ವನಿಮುದ್ರಣ ತಂತ್ರಾಂಶ ಕ್ಯೂಬೇಸ್ ಇಂದಿಗೂ ಗಟ್ಟಿಯಾಗಿದೆ. ಮಾರಾಟವಾದದ್ದೆಲ್ಲ ಸತ್ತಿಲ್ಲ.

ಉಡುಪಿ ಸ್ಟುಡಿಯೋ:
ಕೂಲ್ ಎಡಿಟ್ ನೆನಪಿರುವವರು ಯಾರಾದರೂ ಇದ್ದೀರಾ? ನಮ್ಮ ಕಡೆ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ ಕಾಲದಲ್ಲಿ ಅದೇ ನಮ್ಮ ಆಯುಧ. ಹಳೆಯ ಪ್ರಾಯೋಗಿಕ ಆವೃತ್ತಿಯಲ್ಲಿ ಪ್ರತಿ ಸಲ ತೆರೆದಾಗಲೂ ಒಂದು ಪಟ್ಟಿ ಬರುತ್ತಿತ್ತು, ಅದರಲ್ಲಿ ಎರಡು ಸೌಲಭ್ಯಗಳನ್ನು ಮಾತ್ರ ಆರಿಸಿಕೊಳ್ಳಬೇಕು. ಸದ್ದು ತೆಗೆಯುವುದನ್ನು ಆರಿಸಿದರೆ ಜೊತೆಗೆ ಇನ್ನೊಂದು ಮಾತ್ರ, ಮೂರನೆಯದಕ್ಕೆ ಮುಚ್ಚಿ ಮತ್ತೆ ತೆರೆಯಬೇಕು. ಕ್ಯಾಸೆಟ್ಟಿನ 'ಸ್ಸ್' ಎಂಬ ಸದ್ದು ಮಾತ್ರ ಇರುವ ಒಂದು ತುಣುಕನ್ನು, ಭಾಗವತರು ಉಸಿರು ತೆಗೆದುಕೊಳ್ಳುವ ಮುಂಚಿನ ಅರೆ ಕ್ಷಣವನ್ನು, ಆರಿಸಿ ಮಾದರಿಯಾಗಿ ಕೊಟ್ಟರೆ ಇಡೀ ಪದ್ಯದಿಂದ ಆ ಸದ್ದನ್ನು ಕಳೆಯುತ್ತಿತ್ತು. ಜಾಸ್ತಿ ಕಳೆದರೆ ಚೆಂಡೆಯ ಅಂಚೂ ಹೋಗಿಬಿಡುತ್ತಿತ್ತು, ಹಾಗಾಗಿ ಕಿವಿ ಕೊಟ್ಟು ಮಾಡಬೇಕಿತ್ತು.

ಅದನ್ನು ಮಾಡಿದ್ದು ಅಮೆರಿಕದ ಅರಿಜೋನಾದ ಸಿಂಟ್ರಿಲಿಯಂ ಎಂಬ ಸಣ್ಣ ಕಂಪನಿ. 2003ರಲ್ಲಿ ಅಡೋಬಿ 165 ಲಕ್ಷ ಡಾಲರಿಗೆ ಅದರ ತಂತ್ರಾಂಶವನ್ನು ಕೊಂಡು 'ಆಡಿಷನ್' ಎಂದು ಹೆಸರಿಟ್ಟಿತು. ಮೊದಲ ಆಡಿಷನ್ ಹೆಚ್ಚುಕಡಿಮೆ ಅದೇ ಕೂಲ್ ಎಡಿಟ್. ಹತ್ತು ವರ್ಷ ಕಳೆದ ಮೇಲೆ, 2013ರಲ್ಲಿ ಅಡೋಬಿ ಆಡಿಷನ್‌ನ ಹೊಸ ಆವೃತ್ತಿಗಳನ್ನೂ ಚಂದಾ ಮಾಡಿತು. ಕೊಂಡ ಮರುದಿನವೇ ಹೊಡೆತ ಬೀಳಬೇಕೆಂದಿಲ್ಲ.

ತೀರ್ಥಹಳ್ಳಿ ಮಳೆ:
ಆ ಯಕ್ಷಗಾನದ ಕ್ಯಾಸೆಟ್ಟುಗಳು ಈಗ ಎಲ್ಲಿವೆ ಸರ್? ಕೇಳಲು ಸಿಗುತ್ತವೆಯೇ?

ಉಡುಪಿ ಸ್ಟುಡಿಯೋ:
ವೇವ್ ಎಂಬ ಸಾಮಾನ್ಯ ಧ್ವನಿ ಫೈಲುಗಳಾಗಿ ಹಾರ್ಡ್ ಡಿಸ್ಕಿನಲ್ಲಿ ಇವೆ. ಹಕ್ಕು ಮೇಳದವರದ್ದು, ಅವರನ್ನು ಕೇಳದೆ ಹಾಕುವಂತಿಲ್ಲ. ಆದರೆ ನೋಡಿ, ವೇವ್ ಆಗಿ ಉಳಿಸಿದ್ದರಿಂದ ಇವತ್ತೂ ಯಾವ ಯಂತ್ರದಲ್ಲಾದರೂ ತೆರೆಯುತ್ತವೆ. ಕೂಲ್ ಎಡಿಟ್‌ನ ಸೆಷನ್ ಫೈಲ್ ಆಗಿ ಮಾತ್ರ ಇಟ್ಟವುಗಳನ್ನು ತೆರೆಯಲು ಹಳೆಯ ಕಂಪ್ಯೂಟರನ್ನೇ ಎಬ್ಬಿಸಬೇಕು.

ಸ್ಟಾಫ್ ನೊಟೇಷನ್:
ಸಿಟ್ಟು ತೋರಿಸಿದರೆ ಉಪಯೋಗವಿದೆಯೇ ಎಂಬ ಮೂಲ ಪ್ರಶ್ನೆಗೆ ಬರುತ್ತೇನೆ. ಇದೆ. ಆದರೆ ಎಲ್ಲದಕ್ಕೂ ಅಲ್ಲ.

ಸಿಬೇಲಿಯಸ್ ಎಂಬ ಸ್ವರಲಿಪಿ ತಂತ್ರಾಂಶವನ್ನು 2006ರಲ್ಲಿ ಆವಿಡ್ ಕಂಪನಿ ಕೊಂಡಿತು. 2012ರಲ್ಲಿ ಲಂಡನ್ ಕಚೇರಿಯನ್ನು ಮುಚ್ಚುವುದಾಗಿ ಹೇಳಿದಾಗ ಬಳಕೆದಾರರು ಅಭಿಯಾನವನ್ನೇ ನಡೆಸಿದರು. ಕಚೇರಿ ಉಳಿಯಲಿಲ್ಲ. ಆದರೆ ಹೊರಬಿದ್ದ ತಂಡವನ್ನು ಸ್ಟೈನ್‌ಬರ್ಗ್ ಕರೆದುಕೊಂಡಿತು, 2016ರಲ್ಲಿ ಅವರು ಡೊರಿಕೊ ಎಂಬ ಸ್ವರಲಿಪಿ ತಂತ್ರಾಂಶ ತಂದರು. ಅಷ್ಟು ಜನ ನೊಂದಿದ್ದಾರೆಂದರೆ ಹೊಸ ತಂತ್ರಾಂಶಕ್ಕೆ ಗ್ರಾಹಕರು ಕಾದಿದ್ದಾರೆ ಎಂದು ಯಾರಿಗಾದರೂ ಅರ್ಥವಾಗುತ್ತದೆ.

ಇನ್ನೊಂದು ಸ್ವರಲಿಪಿ ತಂತ್ರಾಂಶ ಫಿನಾಲೆ. 2024ರ ಆಗಸ್ಟ್ 26ರಂದು ಮೇಕ್‌ಮ್ಯೂಸಿಕ್ ಕಂಪನಿ, 35 ವರ್ಷ ನಡೆದ ಫಿನಾಲೆಯನ್ನು ನಿಲ್ಲಿಸುತ್ತಿದ್ದೇವೆ, ಒಂದು ವರ್ಷದ ನಂತರ ಹೊಸ ಯಂತ್ರದಲ್ಲಿ ಆಕ್ಟಿವೇಶನ್ ಸಿಗುವುದಿಲ್ಲ ಎಂದಿತು. ಸಂಗೀತ ಶಿಕ್ಷಕರು, ಪ್ರಕಾಶಕರು, ಚರ್ಚ್ ಗಾಯನವೃಂದದವರು ಮುಗಿಬಿದ್ದರು. ಕಂಪನಿ ಬೇಗನೆ ಮಾತು ಬದಲಿಸಿ, ಆಕ್ಟಿವೇಶನ್ ಅನಿರ್ದಿಷ್ಟ ಕಾಲ ಇರುತ್ತದೆ ಎಂದಿತು. ತಂತ್ರಾಂಶ ಮುಂದುವರಿಸಿ ಎಂಬ ಬೇಡಿಕೆ ಈಡೇರಲಿಲ್ಲ, ನಮ್ಮ ಹಳೆಯ ಫೈಲು ತೆರೆಯಲು ಬಿಡಿ ಎಂಬ ಬೇಡಿಕೆ ಈಡೇರಿತು. ಕಂಪನಿಗೆ ಹೆಚ್ಚು ಖರ್ಚಿಲ್ಲದ, ಗ್ರಾಹಕನಿಗೆ ಜೀವಾಳವಾದ ಒಂದನ್ನು ಹಿಡಿದು ಕೇಳಿದರೆ ಸಿಗುತ್ತದೆ.

ಬಿದಿರಕೊಳಲು:
ಇದು ನಿಜಕ್ಕೂ ಧೈರ್ಯ ಕೊಟ್ಟಿತು. ಧನ್ಯವಾದ.

ಮುಕ್ತ ಸ್ವರ:
ಇದಕ್ಕೆಲ್ಲ ಪರಿಹಾರ ಮುಕ್ತ ತಂತ್ರಾಂಶ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದಾದದ್ದು. 2021ರಲ್ಲಿ ಮ್ಯೂಸ್ ಗ್ರೂಪ್ ಆಡಾಸಿಟಿ ಎಂಬ ಮುಕ್ತ ಧ್ವನಿ ಸಂಕಲನ ತಂತ್ರಾಂಶವನ್ನು ತನ್ನದಾಗಿಸಿಕೊಂಡು ಬಳಕೆಯ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ತಂದಾಗ ಏನಾಯಿತು? ಬಳಕೆದಾರರು ಕೆಂಡಾಮಂಡಲವಾದರು, ಪ್ರಸ್ತಾಪ ಹಿಂದೆ ಸರಿಯಿತು. ಜುಲೈನಲ್ಲಿ ಖಾಸಗಿತನದ ಹೊಸ ನಿಯಮಗಳ ಮೇಲೆ ಮತ್ತೆ ಗಲಾಟೆಯಾಯಿತು, ಅದನ್ನೂ ತಿದ್ದಿ ಬರೆದರು. ಕೆಲವರು ಅದೇ ಕೋಡಿನಿಂದ ಟೆನಾಸಿಟಿ ಎಂಬ ಕವಲನ್ನು ಹೊರಡಿಸಿದರು. ಕೋಡು ಜನರ ಕೈಯಲ್ಲಿದ್ದರೆ ಮಾಲೀಕ ಬದಲಾದರೂ ನಾವು ಅನಾಥರಲ್ಲ.

ಕೋಡು ಬರೆಯುವವಳು:
ಒಪ್ಪುತ್ತೇನೆ, ಆದರೆ ವೀಣೆಯ ಒಳ್ಳೆಯ ಸ್ಯಾಂಪಲ್ ಲೈಬ್ರರಿ ಮಾಡಲು ಕಲಾವಿದರನ್ನು ಕರೆಸಬೇಕು, ಸ್ಟುಡಿಯೋ ಬಾಡಿಗೆ ಕೊಡಬೇಕು, ಒಂದೊಂದು ಮೀಟನ್ನೂ ಬೇರೆ ಬೇರೆ ಬಲದಲ್ಲಿ ಮುದ್ರಿಸಬೇಕು. ಆ ಹಣ ಯಾರು ಹಾಕುತ್ತಾರೆ? ಮುಕ್ತ ಲೋಕದಲ್ಲಿ ಸಂಕಲನ ತಂತ್ರಾಂಶಗಳು ಚೆನ್ನಾಗಿವೆ, ನಮ್ಮ ವಾದ್ಯಗಳು ಇನ್ನೂ ಬಡವಾಗಿಯೇ ಇವೆ.

ಮುಕ್ತ ಸ್ವರ:
ನಾವೇ ಹಾಕಬೇಕು ಮೇಡಂ. ಚಂದಾಕ್ಕೆ ಕೊಡುವ ಹಣದಲ್ಲಿ ಅರ್ಧ ಕೂಡಿಸಿದರೂ ಆಗುತ್ತದೆ.

ಜಯನಗರದ ಹಾರ್ಮೋನಿಯಂ:
ಚಂದಾ ಎಂದಾಗ ನೆನಪಾಯಿತು. ವಿದೇಶಿ ಕಂಪನಿಯ ಮಾಸಿಕ ಚಂದಾ ನಮ್ಮ ಕಾರ್ಡಿನಿಂದ ತಾನಾಗಿ ಕಡಿತವಾಗುತ್ತದೆ ಎಂದು ನಂಬಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ, ಅದಕ್ಕೆ ಹೊಂದಿಕೊಳ್ಳದ ಕಂಪನಿಗಳಿಗೆ ತಾನಾಗಿ ಪಾವತಿ ಹೋಗುವುದಿಲ್ಲ. ನಿಯಮ ನಮ್ಮ ರಕ್ಷಣೆಗೇ ಇದೆ, ಅದರ ಬಗ್ಗೆ ದೂರಿಲ್ಲ. ಆದರೆ ಧ್ವನಿಮುದ್ರಣದ ಹಿಂದಿನ ರಾತ್ರಿ ಪ್ಲಗಿನ್ "ಚಂದಾ ಮುಗಿದಿದೆ" ಎಂದು ಮೌನವಾದರೆ ಹಾಡುಗಾರರಿಗೆ ಏನೆಂದು ಹೇಳುವುದು? ನನಗೆ ಆಗಿದೆ.

ಚೆಂಡೆಮದ್ದಳೆ:
ನಿಜವಾದ ತಂಬೂರಿ ಮೀಟುವವರನ್ನು ಕೂರಿಸಿಕೊಳ್ಳಿ, ಚಂದಾವೂ ಬೇಡ, ಸರ್ವರೂ ಬೇಡ.

ಬಿದಿರಕೊಳಲು:
ಕೂರಿಸಿಕೊಳ್ಳುವ ಆಸೆ ನನಗೂ ಇದೆ. ಶಾಲೆಯ ನಾಟಕದ ಬಜೆಟ್ಟಿನಲ್ಲಿ ಅದು ಆಗುವುದಿಲ್ಲ.

ಹಂಸಧ್ವನಿ:
ಪ್ರಾಜೆಕ್ಟು ಉಳಿಸಿಕೊಳ್ಳುವ ಬಗ್ಗೆ ಯಾರೂ ವಿವರವಾಗಿ ಹೇಳಿಲ್ಲ. ಪ್ಲಗಿನ್ ಇನ್ನೂ ನಡೆಯುತ್ತಿರುವಾಗಲೇ ಮಾಡಬೇಕಾದ ಕೆಲಸ ಇದು.

ಪ್ರತಿ ಪ್ರಾಜೆಕ್ಟನ್ನು ತೆರೆದು ಪ್ರತಿ ಟ್ರ್ಯಾಕನ್ನೂ ಮೊದಲ ಕ್ಷಣದಿಂದ ಕೊನೆಯವರೆಗೆ ಪ್ರತ್ಯೇಕ ವೇವ್ ಫೈಲ್ ಮಾಡಿ. ಎಲ್ಲವೂ ಒಂದೇ ಬಿಂದುವಿನಿಂದ ಆರಂಭವಾಗಲಿ, ಆಗ ಯಾವ ತಂತ್ರಾಂಶದಲ್ಲಿ ಹಾಕಿದರೂ ತಾಳ ಕೂಡುತ್ತದೆ. ಪ್ರತಿಧ್ವನಿ ಹಾಕಿದ್ದು ಒಂದು, ಹಾಕದ್ದು ಒಂದು ಇಡಿ. ಜೊತೆಗೆ ಮಿಡಿ ಫೈಲನ್ನೂ ತೆಗೆದಿಡಿ. ಶ್ರುತಿ, ವೇಗ, ಬಳಸಿದ ದನಿಯ ಹೆಸರು ಎಲ್ಲವನ್ನೂ ಒಂದು ಪಠ್ಯ ಕಡತದಲ್ಲಿ ಬರೆದಿಡಿ.

ನಮ್ಮ ಸಂಗೀತಕ್ಕೆ ಇಲ್ಲೊಂದು ಗುಂಡಿ ಇದೆ. ಗಮಕಗಳನ್ನು ನಾವು ಸ್ವರ ಜಾರಿಸುವ ಕೀಬೋರ್ಡಿನ ಗಾಲಿಯಿಂದ, ಅಂದರೆ ಪಿಚ್ ಬೆಂಡ್‌ನಲ್ಲಿ ಬರೆದಿರುತ್ತೇವೆ. ಮಿಡಿಯಲ್ಲಿ ದಾಖಲಾಗುವುದು ಗಾಲಿಯನ್ನು ಎಷ್ಟು ತಿರುಗಿಸಿದಿರಿ ಎಂಬುದು ಮಾತ್ರ, ಸ್ವರ ಎಷ್ಟು ಜಾರಿತು ಎಂಬುದಲ್ಲ. ಅದನ್ನು ತೀರ್ಮಾನಿಸುವುದು ವಾದ್ಯದ ಬೆಂಡ್ ವ್ಯಾಪ್ತಿ. ನಿಮ್ಮ ಹಳೆಯ ಪ್ಲಗಿನ್‌ನಲ್ಲಿ ವ್ಯಾಪ್ತಿ 12 ಅರ್ಧಸ್ವರ ಇದ್ದು, ಹೊಸದರಲ್ಲಿ ಸಾಮಾನ್ಯವಾಗಿ ಇರುವಂತೆ 2 ಇದ್ದರೆ, ಜಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ತೋಡಿಯ ಗಾಂಧಾರ ಓಲಾಡುವ ಬದಲು ನಿಂತಲ್ಲೇ ನಡುಗುತ್ತದೆ. ಆದ್ದರಿಂದ ವ್ಯಾಪ್ತಿಯ ಸಂಖ್ಯೆಯನ್ನು ಕಡ್ಡಾಯವಾಗಿ ಬರೆದಿಡಿ. ಹೊಸ ವಾದ್ಯದಲ್ಲಿ ಅದನ್ನೇ ಕೂರಿಸಿದರೆ ರಾಗ ಮತ್ತೆ ಸರಿಹೋಗುತ್ತದೆ.

ಬಿದಿರಕೊಳಲು:
ಹಂಸಧ್ವನಿ ಅವರೇ, ಈಗಷ್ಟೇ ನೋಡಿದೆ. ನನ್ನದರಲ್ಲಿ ವೀಣೆಗೆ 12, ಸ್ವರಮಂಡಲಕ್ಕೆ 2 ಇದೆ. ಇಂದೇ ಬರೆದಿಡುತ್ತೇನೆ. ಇನ್ನೊಂದು ಪ್ರಶ್ನೆ: ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಜಯನಗರದ ಹಾರ್ಮೋನಿಯಂ:
2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಭಾರತದಲ್ಲಿ ಕಚೇರಿಯೇ ಇಲ್ಲದ ಕಂಪನಿಯ ಮೇಲೆ ಆದೇಶ ಜಾರಿ ಮಾಡಿಸುವುದು ಬಹಳ ಕಷ್ಟ. ಜೊತೆಗೆ ಅವರ ಒಪ್ಪಂದದಲ್ಲಿ ತಂತ್ರಾಂಶವನ್ನು ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದ್ದೇವೆ ಅಷ್ಟೇ ಎಂದಿರುತ್ತದೆ. ಆಯೋಗಕ್ಕೆ ಮುಂಚೆ ಎಲ್ಲರೂ ಸೇರಿ ಪತ್ರ ಬರೆಯುವುದು ವಾಸಿ.

ಸ್ಟಾಫ್ ನೊಟೇಷನ್:
ಕರಡು ಹಾಕುತ್ತಿದ್ದೇನೆ, ತಿದ್ದಿ.

"ನಾವು ನಿಮ್ಮ ತಂತ್ರಾಂಶದ ಹಣ ಕೊಟ್ಟ ಬಳಕೆದಾರರು. ಮುಂದಿನ ಆವೃತ್ತಿಯ ಬೆಲೆ ನಿಮ್ಮ ನಿರ್ಧಾರ. ನಾವು ಕೇಳುತ್ತಿರುವುದು ಈಗಿರುವ ಆವೃತ್ತಿಯ ಬಗ್ಗೆ ಮಾತ್ರ. ಹೊಸ ಕಂಪ್ಯೂಟರಿನಲ್ಲಿ ಅದರ ಆಕ್ಟಿವೇಶನ್ ಅನಿರ್ದಿಷ್ಟ ಕಾಲ ಮುಂದುವರಿಯುತ್ತದೆ ಎಂದು ನಿಮ್ಮ ಜಾಲತಾಣದಲ್ಲಿ ಪ್ರಕಟಿಸಿ. ಇನ್‌ಸ್ಟಾಲರ್ ಮತ್ತು ಸ್ಯಾಂಪಲ್‌ಗಳನ್ನು ಇಳಿಸಿಕೊಳ್ಳಲು ಬಿಡಿ. ಸರ್ವರ್ ನಿಲ್ಲಿಸುವ ದಿನ ಬಂದರೆ ಅದನ್ನು ಮುಂಚಿತವಾಗಿ ತಿಳಿಸಿ."

ನಾಟಕುರಂಜಿ:
ನನ್ನ ಸಹಿ ಸೇರಿಸಿ. ಹಳೆಯ ಮಾಲೀಕರಿಗೂ ಒಂದು ಪ್ರತಿ ಹೋಗಲಿ, ಅವರು ಇನ್ನೂ ಅಲ್ಲೇ ಕೆಲಸದಲ್ಲಿರಬಹುದು.

ಪಂಚಮ:
ನನ್ನದೂ ಇರಲಿ. ಮಾರಾಟದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಈ ಪತ್ರದಲ್ಲಿ ತಪ್ಪು ಕೇಳಿಕೆ ಏನೂ ಇಲ್ಲ.

ಕೋಡು ಬರೆಯುವವಳು:
ಕೊನೆಯ ವಾಕ್ಯವನ್ನು ಬದಲಿಸಿ. "ಮುಂಚಿತವಾಗಿ ತಿಳಿಸಿ" ಎಂದರೆ ತಿಳಿಸಿ ನಿಲ್ಲಿಸುತ್ತಾರೆ. "ಸರ್ವರ್ ನಿಲ್ಲಿಸುವುದಾದರೆ ಅದಕ್ಕೂ ಮೊದಲು, ಇಂಟರ್‌ನೆಟ್ ಇಲ್ಲದೆ ಸೀರಿಯಲ್ ಸಂಖ್ಯೆಯಿಂದಲೇ ನಡೆಯುವ ಕೊನೆಯ ಆವೃತ್ತಿಯೊಂದನ್ನು ಕೊಡಿ" ಎಂದು ಬರೆಯಿರಿ. ಅದನ್ನು ಮಾಡಲು ದೊಡ್ಡ ತಂಡ ಬೇಕಿಲ್ಲ. ಹಳೆಯ ಎಂಜಿನಿಯರುಗಳು ಇನ್ನೂ ಅಲ್ಲಿ ಇರುವಾಗ ಕೇಳಿದರೆ ಆಗುವ ಕೆಲಸ, ಅವರು ಬಿಟ್ಟುಹೋದ ಮೇಲೆ ಕೋಡನ್ನು ಮುಟ್ಟಲು ಯಾರೂ ಒಪ್ಪುವುದಿಲ್ಲ. ಪತ್ರ ಈ ವಾರವೇ ಹೋಗಲಿ.

ಬಿದಿರಕೊಳಲು:
ಬದಲಿಸಿದ್ದೇನೆ. ಶನಿವಾರ ಸಂಜೆಯೊಳಗೆ ಹೆಸರು ಸೇರಿಸುವವರು ಇಲ್ಲಿ ಬರೆಯಿರಿ. ನೀವು ಬಳಸುತ್ತಿರುವ ಆವೃತ್ತಿ ಮತ್ತು ಕೊಂಡ ವರ್ಷವನ್ನೂ ಹಾಕಿ.